ಸಾಲದ ಲೆಕ್ಕ ಅಡುಗೆಮನೆಗೂ ಗೊತ್ತಿರಲಿ

ನಿಮ್ಮ ಮನೆಯ ಸಾಲ ಒಟ್ಟು ಎಷ್ಟು? ಥಟ್ ಅಂತ ಹೇಳಿ ನೋಡೋಣ.

ಹೇಳಲಿಕ್ಕೆ ಆಗಲಿಲ್ಲ ಅಲ್ಲವೇ? ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಜೊತೆ ತುಂಬ ಜನ ಇದ್ದಾರೆ. ಚಿನ್ನದ ಇವತ್ತಿನ ರೇಟು ಗೊತ್ತಿರುತ್ತದೆ, ಟೊಮೆಟೊ ಕೆ.ಜಿ.ಗೆ ಎಷ್ಟಾಯಿತು ಅಂತ ಗೊತ್ತಿರುತ್ತದೆ, ಎದುರುಮನೆಯವರು ಹೊಸ ಕಾರಿಗೆ ಎಷ್ಟು ಕೊಟ್ಟರು ಎನ್ನುವುದೂ ಹೇಗೋ ತಿಳಿದಿರುತ್ತದೆ. ನಮ್ಮದೇ ಮನೆಯ ಸಾಲದ ಮೊತ್ತ ಮಾತ್ರ ಗೊತ್ತಿರುವುದಿಲ್ಲ. "ಅದೆಲ್ಲ ನಮ್ಮನೆಯವರು ನೋಡ್ಕೋತಾರೆ" ಎಂದುಬಿಡುತ್ತೇವೆ. ಹೋಗಲಿ, ಮನೆಯವರಿಗಾದರೂ ಪೂರ್ತಿ ಗೊತ್ತಿರುತ್ತದೆಯೇ ಎಂದರೆ ಅದೂ ಅನುಮಾನ. ಅವರಿಗೆ ಗೊತ್ತಿರುವುದು ತಿಂಗಳ ಕಂತು, ಒಟ್ಟು ಸಾಲ ಅಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಸರಿಯೇ. ಆದರೆ ಹಾಸಿಗೆ ಎಷ್ಟು ಉದ್ದ ಇದೆ ಎಂದೇ ಗೊತ್ತಿಲ್ಲದೆ ಕತ್ತಲಲ್ಲಿ ಮಲಗಿದವರು ಏನು ಮಾಡಬೇಕು? ಮೊದಲು ದೀಪ ಹಾಕಬೇಕು. ಇವತ್ತಿನ ಮಾತು ಅದರ ಬಗ್ಗೆಯೇ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಲ್ಪನೆಯ ಮನೆಯೇ, ಆದರೆ ನಿಮ್ಮ ಬೀದಿಯಲ್ಲೇ ಇದ್ದೀತು. ತುಮಕೂರಿನಂಥ ಒಂದು ಊರು, ಬಾಡಿಗೆ ಮನೆ. ಯಜಮಾನರಿಗೆ ಖಾಸಗಿ ಕಂಪೆನಿಯಲ್ಲಿ ಕೆಲಸ, ಕೈಗೆ ಬರುವ ಸಂಬಳ 38 ಸಾವಿರ. ಆಕೆ ಮನೆಯಲ್ಲೇ ರವಿಕೆ ಹೊಲಿದು, ಸೀರೆಗೆ ಫಾಲ್ ಹಾಕಿ ತಿಂಗಳಿಗೆ 9 ಸಾವಿರದಷ್ಟು ದುಡಿಯುತ್ತಾರೆ. ಮಗಳು ಪಿಯುಸಿ, ಮಗ ಏಳನೇ ಕ್ಲಾಸು, ಜೊತೆಗೆ ಅತ್ತೆ. ಕುಡಿತ, ಇಸ್ಪೀಟು ಅಂಥದ್ದೇನೂ ಇಲ್ಲ. ಸಂಸಾರಸ್ಥರು. ಆದರೂ ತಿಂಗಳ ಇಪ್ಪತ್ತನೇ ತಾರೀಖು ಬಂದರೆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ.

ಒಂದು ದಿನ ಬ್ಯಾಂಕಿನ ಕಡೆಯವರ ಫೋನು ಯಜಮಾನರ ಬದಲು ಆಕೆಗೆ ಬರುತ್ತದೆ. ಆ ರಾತ್ರಿ ಮಕ್ಕಳು ಮಲಗಿದ ಮೇಲೆ, ಮಗನ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ತೆಗೆದು ಆಕೆ ಕೇಳುತ್ತಾರೆ: "ರೀ, ಒಟ್ಟು ಎಷ್ಟಿದೆ ಹೇಳಿ."

ಬರೆಯುತ್ತಾ ಹೋದಂತೆ ಹಾಳೆ ತುಂಬುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿ 80 ಸಾವಿರ. ಪರ್ಸನಲ್ ಲೋನ್ ಇನ್ನೂ 1 ಲಕ್ಷ 90 ಸಾವಿರ. ಎರಡೆಳೆ ಸರ ಅಡ ಇಟ್ಟಿದ್ದು 1 ಲಕ್ಷ 20 ಸಾವಿರ. ಪರಿಚಯದವರೊಬ್ಬರ ಹತ್ತಿರ ಬಡ್ಡಿಗೆ ತಂದದ್ದು 50 ಸಾವಿರ. ಫ್ರಿಜ್ಜು, ಮೊಬೈಲಿನ ಕಂತು ಇನ್ನೂ ಎಂಟು ತಿಂಗಳು, 20,800 ರೂಪಾಯಿ. ಭಾವನ ಹತ್ತಿರ ಕೈಗಡ 40 ಸಾವಿರ. ಇಲ್ಲಿಗೆ ಯಜಮಾನರ ಪಟ್ಟಿ ಮುಗಿಯಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆಯೇ ಒಂದು ಸಾಲು ಸೇರಿಸುತ್ತಾರೆ: ಸಂಘದ ಸಾಲ, 30 ಸಾವಿರ. ಮಗಳ ಕಾಲೇಜು ಫೀಸಿಗೆ ಕಡಿಮೆ ಬಿದ್ದಾಗ ಗಂಡನಿಗೆ ಹೇಳದೆ ತೆಗೆದದ್ದು. ಹೊಲಿಗೆಯ ದುಡ್ಡಿನಲ್ಲಿ ವಾರವಾರ ಕಟ್ಟುತ್ತಿದ್ದಾರೆ.

ಒಟ್ಟು 5,30,800 ರೂಪಾಯಿ.

"ನಿಂಗೆ ಹೇಳಿ ಯಾಕೆ ತಲೆಬಿಸಿ ಕೊಡೋದು ಅಂತ ಸುಮ್ನಿದ್ದೆ ಕಣೆ" ಎನ್ನುತ್ತಾರೆ ಅವರು.

"ಹೇಳ್ದೇ ಇದ್ದಿದ್ದಕ್ಕೇ ತಾನೇ ರೀ, ಹೋದ ತಿಂಗಳು ನಾನು ಆ ಸೀರೆ ತಗೊಂಡಿದ್ದು?"

ಈ ಒಂದು ಮಾತಿನಲ್ಲಿ ಎಲ್ಲ ಇದೆ ನೋಡಿ. ಸಾಲವನ್ನು ಗುಟ್ಟಾಗಿ ಇಟ್ಟ ಮನೆಯಲ್ಲಿ ಖರ್ಚು ಎಂದೂ ಕಡಿಮೆಯಾಗುವುದಿಲ್ಲ. ಯಾಕೆಂದರೆ ಖರ್ಚು ಮಾಡುವವರಿಗೆ ಕೈ ಬಿಗಿ ಇರುವುದೇ ಗೊತ್ತಿರುವುದಿಲ್ಲ. ಗಂಡ ಮರ್ಯಾದೆಗೆ ಹೆದರಿ ಹೇಳುವುದಿಲ್ಲ, ಹೆಂಡತಿ ಬೈಗುಳಕ್ಕೆ ಹೆದರಿ ಹೇಳುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆ ಅಂದುಕೊಂಡೇ ಎರಡು ಕಡೆಯಿಂದ ಸಾಲ ಬೆಳೆಸುತ್ತಾರೆ.

ಮೊದಲ ದಿನ ಜಗಳ ಆಗಿಯೇ ಆಗುತ್ತದೆ. ಆಗಲಿ ಬಿಡಿ. ಆದರೆ "ಇದನ್ನ ಯಾಕೆ ತಗೊಂಡ್ರಿ, ಅದನ್ನ ಯಾಕೆ ತಂದೆ" ಎಂಬ ವಿಚಾರಣೆಯನ್ನು ಅವತ್ತೇ ಶುರು ಮಾಡಬೇಡಿ. ಬೈದರೆ ಮುಂದಿನ ಸಾಲಾನೂ ಗುಟ್ಟಾಗೇ ಉಳಿಯುತ್ತದೆ. ಅವತ್ತು ಬರೆಯುವುದಷ್ಟೇ ಕೆಲಸ. ಪ್ರತಿ ಸಾಲದ ಎದುರು ಮೂರು ವಿಷಯ ಇರಲಿ: ಉಳಿದಿರುವ ಅಸಲು ಎಷ್ಟು, ಬಡ್ಡಿ ಎಷ್ಟು, ತಿಂಗಳಿಗೆ ಕಟ್ಟುವುದು ಎಷ್ಟು. ಕಂತಿನ ಸಾಲದ ವಿವರ ಬ್ಯಾಂಕಿನಲ್ಲಿ ಕೇಳಿದರೆ ಕೊಡುತ್ತಾರೆ. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಂದು ವರದಿಯನ್ನು ಪುಕ್ಕಟೆ ಕೊಡಬೇಕು ಎಂಬ ನಿಯಮವಿದೆ. ಅದನ್ನು ತೆಗೆಸಿ ನೋಡಿದರೆ ಮರೆತುಹೋದ ಸಾಲವೂ, ಯಾರಿಗೋ ಜಾಮೀನು ನಿಂತು ಸಹಿ ಹಾಕಿದ್ದೂ ಹೊರಗೆ ಬರುತ್ತದೆ.

ಬಡ್ಡಿಯ ಭಾಷೆ

ಬಡ್ಡಿ ಎಷ್ಟು ಎಂದು ಬರೆಯುವಾಗ ಹುಷಾರು. ಒಬ್ಬೊಬ್ಬರದು ಒಂದೊಂದು ಭಾಷೆ. ಕೈಸಾಲ ಕೊಡುವವರು "ಮೂರು ರೂಪಾಯಿ ಬಡ್ಡಿ ಅಷ್ಟೇ ಕಣಮ್ಮ" ಎನ್ನುತ್ತಾರೆ. ಕೇಳುವುದಕ್ಕೆ ಎಷ್ಟು ಸಣ್ಣದು! ಅದು ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ ಶೇ 36. ನಮ್ಮ ಮನೆಯವರು 50 ಸಾವಿರಕ್ಕೆ ತಿಂಗಳಿಗೆ 1,500 ಕೊಡುತ್ತಿದ್ದಾರೆ. ಅಸಲು ಒಂದು ರೂಪಾಯಿ ಕೂಡ ಇಳಿದಿಲ್ಲ.

ಇನ್ನು ಕೆಲವರು "ಫ್ಲ್ಯಾಟ್ ಶೇ 12" ಎನ್ನುತ್ತಾರೆ. ಮೂರು ವರ್ಷದಲ್ಲಿ ಸಾಲ ಇಳಿಯುತ್ತಾ ಬಂದರೂ ಬಡ್ಡಿಯನ್ನು ಮಾತ್ರ ಮೊದಲ ದಿನದ ಪೂರ್ತಿ ಮೊತ್ತಕ್ಕೇ ಹಾಕುವ ಲೆಕ್ಕ ಇದು. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇ 21ಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ "ಫ್ಲ್ಯಾಟೋ, ಇಳಿಯುವ ಬಾಕಿಯ ಮೇಲೋ?" ಎಂದು ಬಾಯಿಬಿಟ್ಟು ಕೇಳಿ. ಇದರಲ್ಲಿ ನಾಚಿಕೆ ಏನಿಲ್ಲ. ಸೊಪ್ಪಿನ ಕಟ್ಟನ್ನು ತಿರುಗಿಸಿ ನೋಡದೆ ತಗೊಳ್ಳದವರು ನಾವು.

"ನೋ ಕಾಸ್ಟ್ ಇಎಂಐ" ಎಂಬ ಇನ್ನೊಂದು ಮೋಡಿ ಇದೆ. ಬಡ್ಡಿ ಎಲ್ಲೋ ಬೆಲೆಯಲ್ಲಿ, ಇಲ್ಲವೇ ಸಿಗಬೇಕಿದ್ದ ರಿಯಾಯಿತಿಯಲ್ಲಿ, ಇಲ್ಲವೇ ಪ್ರೊಸೆಸಿಂಗ್ ಶುಲ್ಕದಲ್ಲಿ ಸೇರಿಕೊಂಡಿರುತ್ತದೆ. ಶೂನ್ಯ ಬಡ್ಡಿ ಎನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದು ತಿಳಿಸಿತ್ತು.

ಇವೆಲ್ಲಕ್ಕಿಂತ ಸದ್ದಿಲ್ಲದೆ ಕೊಲ್ಲುವುದು ಕ್ರೆಡಿಟ್ ಕಾರ್ಡ್. ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಅದು ಒಳ್ಳೆಯ ಸೇವಕ. "ಮಿನಿಮಮ್ ಡ್ಯೂ" ಕಟ್ಟುವವರಿಗೆ ಅಲ್ಲ. ಲೆಕ್ಕ ನೋಡಿ. ಬಾಕಿ 80 ಸಾವಿರ, ಬಡ್ಡಿ ತಿಂಗಳಿಗೆ ಶೇ 3.5 ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ 2,800. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 504. ಎರಡೂ ಸೇರಿ 3,304. ಮಿನಿಮಮ್ ಡ್ಯೂ ಬಾಕಿಯ ಶೇ 5, ಅಂದರೆ 4,000 ರೂಪಾಯಿ. ಯಜಮಾನರು ತಪ್ಪದೆ ಕಟ್ಟುತ್ತಾರೆ, ಕಟ್ಟಿದೆನಲ್ಲ ಎಂದು ನೆಮ್ಮದಿಯಾಗಿ ಮಲಗುತ್ತಾರೆ. ಸಾಲ ಇಳಿದದ್ದು ಎಷ್ಟು ಗೊತ್ತೇ? 700 ರೂಪಾಯಿ ಕೂಡ ಇಲ್ಲ. ಬಾಕಿ ಸ್ವಲ್ಪ ಇಳಿದಂತೆ ಮಿನಿಮಮ್ ಡ್ಯೂ ಕೂಡ ಇಳಿಯುತ್ತದೆ. ಹೀಗೇ ಹೋದರೆ ಹೊಸದಾಗಿ ಒಂದು ಸೂಜಿಯನ್ನೂ ಆ ಕಾರ್ಡಿನಲ್ಲಿ ಕೊಳ್ಳದೆ ಐದು ವರ್ಷ ಕಟ್ಟಿದರೂ ಅರ್ಧಕ್ಕಿಂತ ಹೆಚ್ಚು ಸಾಲ ಉಳಿದೇ ಇರುತ್ತದೆ. ಅಷ್ಟೇ ಅಲ್ಲ, ಬಾಕಿ ಉಳಿಸಿಕೊಂಡವರು ಹೊಸದಾಗಿ ಏನು ಕೊಂಡರೂ ಅದಕ್ಕೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಕೊಂಡ ದಿನದಿಂದಲೇ ಮೀಟರು ಓಡುತ್ತದೆ.

ಮೊದಲು ಯಾವುದು?

ಈ ಪ್ರಶ್ನೆ ಬಂದಾಗ ಹೆಂಗಸರ ಮನಸ್ಸು ಓಡುವುದು ಅಡ ಇಟ್ಟ ಒಡವೆಯ ಕಡೆಗೆ. ತವರಿನವರು ಕೊಟ್ಟ ಸರ, ನಾಳೆ ಯಾರದಾದರೂ ಮದುವೆಗೆ ಬರೀ ಕೊರಳಲ್ಲಿ ಹೋಗುವುದು ಹೇಗೆ ಎಂಬ ಸಂಕಟ. ಈ ಸಂಕಟವನ್ನು ಸಣ್ಣದು ಅನ್ನಲಾರೆ. ಆದರೂ ಸರ ಕೊನೆಗೇ ಬರಲಿ ಎನ್ನುವುದು ನನ್ನ ಮಾತು. ಬ್ಯಾಂಕಿನಲ್ಲಿ ಚಿನ್ನದ ಸಾಲಕ್ಕೆ ಬಡ್ಡಿ ಸುಮಾರಾಗಿ ಶೇ 10ರ ಆಸುಪಾಸು. ಕಾರ್ಡಿಗೆ ತೆರಿಗೆ ಸೇರಿ ಶೇ 50ರ ಹತ್ತಿರ. ಎಲ್ಲಿ ಮನೆ ಹೆಚ್ಚು ಉರಿಯುತ್ತಿದೆಯೋ ಅಲ್ಲಿಗೆ ತಾನೇ ಮೊದಲು ನೀರು? ಸರದ ವಿಷಯದಲ್ಲಿ ಮಾಡಬೇಕಾದದ್ದು ಒಂದೇ: ಅವಧಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬಡ್ಡಿ ಕಟ್ಟಿ ನವೀಕರಿಸುತ್ತಾ ಬರುವುದು. ಅದು ತಪ್ಪಿದರೆ ಹರಾಜಿಗೆ ಹೋಗುತ್ತದೆ. ಹೋಗುವ ಮುಂಚೆ ನಿಮಗೆ ನೋಟಿಸು ಕೊಡಬೇಕು. ಸಾಲ ಕಳೆದು ಮಿಕ್ಕ ಹಣವೂ ನಿಮಗೇ ಸೇರಬೇಕು. ಕೇಳಿ ಪಡೆಯಿರಿ.

ಇನ್ನೊಂದು ಉಪಾಯ ಇದೆ, ಧೈರ್ಯ ಬೇಕು. ಬೀರುವಿನಲ್ಲಿ ಉಳಿದ ಎರಡು ಬಳೆಯನ್ನೂ ಬ್ಯಾಂಕಿನಲ್ಲಿ ಅಡ ಇಟ್ಟು ಆ 80 ಸಾವಿರದಲ್ಲಿ ಕಾರ್ಡಿನ ಬಾಕಿಯನ್ನು ಒಂದೇ ಸಲ ತೀರಿಸಿಬಿಡುವುದು. ತಿಂಗಳಿಗೆ 8 ಸಾವಿರದಂತೆ ಕಾರ್ಡಿಗೇ ಕಟ್ಟುತ್ತಾ ಹೋದರೆ ತೀರಲು ಹದಿನಾಲ್ಕು ತಿಂಗಳು, ಬಡ್ಡಿ-ತೆರಿಗೆ ಸುಮಾರು 25 ಸಾವಿರ. ಅದೇ 8 ಸಾವಿರವನ್ನು ಶೇ 10ರ ಚಿನ್ನದ ಸಾಲಕ್ಕೆ ಕಟ್ಟಿದರೆ ಹನ್ನೊಂದು ತಿಂಗಳು, ಬಡ್ಡಿ 4 ಸಾವಿರದ ಒಳಗೆ ಹೊರಗೆ. ನಡುವೆ ಅಸಲು ಕಟ್ಟಿಸಿಕೊಳ್ಳುವ ಬ್ಯಾಂಕನ್ನೇ ಆರಿಸಿ. ಆದರೆ ಒಂದು ಷರತ್ತು. ಬಳೆ ಬ್ಯಾಂಕಿಗೆ ಹೋದ ದಿನವೇ ಕಾರ್ಡು ಕತ್ತರಿಗೆ ಸಿಗಬೇಕು. ಕಾರ್ಡು ಪರ್ಸಿನಲ್ಲೇ ಇದ್ದರೆ ಆರು ತಿಂಗಳಲ್ಲಿ ಬಳೆಯೂ ಇಲ್ಲ, ಬಾಕಿಯೂ ತೀರಿಲ್ಲ ಎನ್ನುವಂತಾಗುತ್ತದೆ. ಯಜಮಾನರು ಇದಕ್ಕೆ ಒಪ್ಪದಿದ್ದರೆ ನೀವೂ ಬಳೆ ಬಿಚ್ಚಬೇಡಿ. ಇದನ್ನು ಹೇಳುವಾಗ ನನಗೆ ಎರಡನೇ ಯೋಚನೆ ಇಲ್ಲ.

ಕಾರ್ಡಾದ ಮೇಲೆ ಮೂರು ರೂಪಾಯಿ ಬಡ್ಡಿಯದು. ಆಮೇಲೆ ಪರ್ಸನಲ್ ಲೋನು. ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಎಷ್ಟು ಎಂದು ಕೇಳಿಕೊಂಡೇ ಕೈ ಹಾಕಿ. ಫ್ರಿಜ್ಜಿನ ಕಂತು ಎಂಟು ತಿಂಗಳಿಗೆ ತಾನಾಗಿ ಮುಗಿಯುತ್ತದೆ, ಆಗ ಉಳಿಯುವ 2,600 ರೂಪಾಯಿ ಮನೆಖರ್ಚಿಗೆ ಹರಿದುಹೋಗದಂತೆ ಅದನ್ನೂ ಸಾಲಕ್ಕೇ ತಿರುಗಿಸಬೇಕು. ಸಂಘದ ಸಾಲ ಮುಗಿದಾಗಲೂ ಹಾಗೆಯೇ. ಭಾವನ 40 ಸಾವಿರಕ್ಕೆ ಬಡ್ಡಿ ಇಲ್ಲ, ಆದರೆ ಮುಖ ತಪ್ಪಿಸಿ ಓಡಾಡುವುದಕ್ಕೂ ಒಂದು ಬೆಲೆ ಇದೆಯಲ್ಲ. ಹೋಗಿ ಹೇಳಿಬಿಡಿ: "ಭಾವ, ನಿಮ್ಮದು ಮರೆತಿಲ್ಲ, ಇಂಥ ತಿಂಗಳಿಂದ ಕೊಡ್ತಾ ಬರ್ತೀವಿ." ನಡುನಡುವೆ ಎರಡು ಸಾವಿರ ಕೊಟ್ಟರೂ ಹಬ್ಬಕ್ಕೆ ಹೋಗಿಬರುವ ದಾರಿ ತೆರೆದಿರುತ್ತದೆ.

ಕಾಗದದ ಮೇಲೆ ಇಷ್ಟೂ ತೀರಲು ಎರಡೂವರೆ ವರ್ಷ ಸಾಕು. ಜ್ವರ, ಶಾಲೆ ಫೀಸು, ಯಾರದೋ ಮದುವೆ ಎಲ್ಲ ಸೇರಿಸಿ ಮೂರು ವರ್ಷ ಎಂದಿಟ್ಟುಕೊಳ್ಳಿ.

ಯಾರ ತಟ್ಟೆಯಿಂದ ಉಳಿತಾಯ?

ಈಗ ತಿಂಗಳಿಗೆ ಕಂತು, ಬಡ್ಡಿ ಅಂತ ಹೋಗುತ್ತಿರುವುದು 17,700. ಕಾರ್ಡಿಗೆ ಕಟ್ಟುವ 4 ಸಾವಿರವನ್ನು 8 ಸಾವಿರ ಮಾಡಬೇಕಾದರೆ ಇನ್ನೂ 4 ಸಾವಿರ ಹುಡುಕಬೇಕು. ಎಲ್ಲಿಂದ?

ಇಲ್ಲಿ ಒಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕು. ಉಳಿತಾಯ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಅದು ಹೆಂಗಸರ ತಟ್ಟೆಯಿಂದ ಶುರುವಾಗುತ್ತದೆ. ಹಾಲು ಅರ್ಧ ಲೀಟರು ಕಮ್ಮಿ ಮಾಡಿ ತಾನು ಕಾಫಿ ಬಿಡುವುದು, ಹಣ್ಣನ್ನು ಮಕ್ಕಳಿಗೆ ಹಾಕಿ ತಾನು ಸಿಪ್ಪೆ ಎತ್ತುವುದು, ಥೈರಾಯ್ಡ್ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದು. ದಯವಿಟ್ಟು ಹೀಗೆ ಮಾಡಬೇಡಿ. ಇದರಿಂದ ಉಳಿಯುವುದು ತಿಂಗಳಿಗೆ ಮುನ್ನೂರೋ ನಾನೂರೋ, ಆಮೇಲೆ ಆಸ್ಪತ್ರೆಗೆ ಕೊಡುವುದು ಸಾವಿರಗಟ್ಟಲೆ. ಸೊಪ್ಪು, ಮೊಟ್ಟೆ, ಔಷಧಿಗೆ ಕತ್ತರಿ ಹಾಕುವ ಲೆಕ್ಕ ತ್ಯಾಗವೂ ಅಲ್ಲ, ಜಾಣತನವೂ ಅಲ್ಲ.

ನಮ್ಮ ಕಲ್ಪನೆಯ ಮನೆಯಲ್ಲಿ ಒಂದು ತಿಂಗಳು ಎಲ್ಲರೂ ಖರ್ಚು ಬರೆದು ನೋಡಿದಾಗ ಸಿಕ್ಕಿದ್ದು ಬೇರೆಯೇ. ಭಾನುವಾರದ ಹೋಟೆಲು, ಆರ್ಡರ್ ಮಾಡಿ ತರಿಸಿದ ತಿಂಡಿ 1,800. ನೋಡದ ಚಾನೆಲ್ಲು, ಆ್ಯಪುಗಳ ಚಂದಾ 600. ಹತ್ತಿರದ ಅಂಗಡಿಗೂ ಸ್ಕೂಟರು ತೆಗೆಯುವ ಪೆಟ್ರೋಲು 800. ಯಜಮಾನರ ಸಿಗರೇಟು 800. ಅಲ್ಲಿಗೆ 4 ಸಾವಿರ ಆಯಿತಲ್ಲ! ಕೊನೆಯದಕ್ಕೆ ಯಜಮಾನರು ಸುಲಭವಾಗಿ ಒಪ್ಪಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಫೋನಿನಲ್ಲಿ ದುಡ್ಡು ಕೊಡುವುದು ಬಂದ ಮೇಲೆ ಖರ್ಚಿನ ಬಿಸಿ ಕೈಗೆ ತಾಗುವುದೇ ಇಲ್ಲ. ಹತ್ತು, ಇಪ್ಪತ್ತು, ಎಪ್ಪತ್ತು ಎಂದು "ಟಿಂಗ್" ಅಂದರೆ ಆಯಿತು. ನಮ್ಮಜ್ಜಿಯಂದಿರು ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ಡಬ್ಬಿ ಖಾಲಿಯಾದದ್ದು ಕಣ್ಣಿಗೆ ಕಾಣುತ್ತಿತ್ತು. ವಾರಕ್ಕೆ ಇಷ್ಟು ಅಂತ ತರಕಾರಿ, ಹಾಲು, ಚಿಲ್ಲರೆ ಖರ್ಚಿನ ಹಣವನ್ನು ನೋಟಿನಲ್ಲೇ ತೆಗೆದು ಡಬ್ಬಿಗೆ ಹಾಕಿ, ಮುಗಿದರೆ ಮುಂದಿನ ಸೋಮವಾರದ ತನಕ ಮುಗಿಯಿತು ಅಂತಲೇ ಇರಿ. ಎರಡು ತಿಂಗಳು ಮಾಡಿ ನೋಡಿ.

ದೊಡ್ಡ ಸಾಮಾನು ಕೊಳ್ಳುವಾಗ ಇನ್ನೊಂದು ಅಭ್ಯಾಸ. "ತಿಂಗಳಿಗೆ 1,499 ಅಷ್ಟೇ" ಎಂದು ಅಂಗಡಿಯವರು ಹೇಳಿದರೆ "ಪೂರ್ತಿ ಎಷ್ಟಾಗುತ್ತೆ?" ಎಂದು ಜೋರಾಗಿ ಕೇಳಿ, ಆ ಮೊತ್ತವನ್ನು ಬಾಯಲ್ಲಿ ಹೇಳಿಕೊಳ್ಳಿ. ಮನೆಗೆ ಬಂದು ಮೂರು ದಿನ ಬಿಡಿ. ನಾಲ್ಕನೇ ದಿನವೂ ಬೇಕು ಅನ್ನಿಸಿದರೆ ಮಾತಾಡೋಣ.

ಅತಿ ಕಷ್ಟದ್ದು ಮುಯ್ಯಿಯ ವಿಷಯ. ನಾದಿನಿಯ ಮನೆ ಗೃಹಪ್ರವೇಶ, ಅಕ್ಕನ ಮಗಳ ಸೀಮಂತ. ಅವರು ನಮಗೆ ಮಾಡಿದ್ದಾರೆ, ನಾವು ಮಾಡದಿದ್ದರೆ ಹೇಗೆ? ನಿಜ, ಮುಯ್ಯಿ ಸಂಬಂಧದ ನೂಲು, ಕತ್ತರಿಸಲು ಆಗದು. ಆದರೆ ಬಡ್ಡಿಗೆ ತಂದ ಹಣದಲ್ಲಿ ಬೆಳ್ಳಿ ಲೋಟ ಕೊಟ್ಟರೆ ಆ ಲೋಟಕ್ಕೆ ನೀವು ಎರಡು ಸಲ ಬೆಲೆ ತೆತ್ತಂತೆ. ಒಂದು ದಿನ ಮುಂಚೆ ಹೋಗಿ ಕೆಲಸಕ್ಕೆ ನಿಲ್ಲಿ, ರವಿಕೆ ಹೊಲಿದುಕೊಡಿ, ಚಕ್ಕುಲಿ ಕರಿಯಿರಿ. "ಈ ವರ್ಷ ನಮಗೆ ಕೈ ಸ್ವಲ್ಪ ಬಿಗಿ ಇದೆ ಕಣೇ" ಎಂದು ನಾದಿನಿಯ ಹತ್ತಿರ ನೀವೇ ಹೇಳಿ. ಆಡಿಕೊಳ್ಳುವವರು ಬೆಳ್ಳಿ ಲೋಟ ಕೊಟ್ಟರೂ ತೂಕ ನೋಡಿ ಆಡಿಕೊಳ್ಳುತ್ತಾರೆ. ಅತ್ತೆಗೆ ಇದನ್ನು ಒಪ್ಪಿಸುವುದು ಮಗನ ಕೆಲಸ, ಸೊಸೆಯದಲ್ಲ. ಸೊಸೆ ಹೇಳಿದರೆ ಜಿಪುಣತನ, ಮಗ ಹೇಳಿದರೆ ಕಷ್ಟ!

ಮಕ್ಕಳಿಗೂ ಹೇಳಿ, ಹೆದರಿಸದೆ ಹೇಳಿ. ಪಿಯುಸಿ ಓದುವ ಹುಡುಗಿಗೆ ಮೊತ್ತವನ್ನೇ ಹೇಳಬಹುದು. ಏಳನೇ ಕ್ಲಾಸಿನವನಿಗೆ "ಈ ಸಲ ಬರ್ತ್‌ಡೇಗೆ ಮನೆಯಲ್ಲೇ ಕೇಕು" ಅಂದರೆ ಸಾಕು. ಎಷ್ಟೋ ಸಲ ಮಕ್ಕಳೇ ನಮಗಿಂತ ಬೇಗ ಹೊಂದಿಕೊಳ್ಳುತ್ತವೆ.

ಸಾಲ ತೀರಿಸುವ ಆತುರದಲ್ಲಿ ಕೈ ಪೂರ್ತಿ ಬರಿದು ಮಾಡಿಕೊಳ್ಳಬೇಡಿ. ಹತ್ತು ಸಾವಿರವಾದರೂ ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ನಿಮ್ಮ ಹೆಸರಲ್ಲಿ ಇರಲಿ. ಇಲ್ಲದಿದ್ದರೆ ಮುಂದಿನ ಡೆಂಗಿ ಜ್ವರಕ್ಕೆ ಮತ್ತೆ ಮೂರು ರೂಪಾಯಿ ಬಡ್ಡಿಯವರ ಮನೆ ಬಾಗಿಲೇ ಗತಿ. 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಹಣ ನಿಮ್ಮ ಖಾತೆಗೆ ಬರುತ್ತಿದ್ದರೆ ಮೊದಲು ಇದಕ್ಕೆ ಹಾಕಿ. ತಿಂಗಳ ಕಂತಿಗೆ ಮಾತ್ರ ಅದನ್ನು ನಂಬಿಕೊಳ್ಳಬೇಡಿ, ಬರುವ ತಾರೀಖು ಹಿಂದೆ ಮುಂದೆ ಆಗುತ್ತದೆ.

ಬಾಗಿಲಿಗೆ ಬಂದರೆ

ಕಂತು ತಪ್ಪಿತು, ವಸೂಲಿಯವರು ಬಂದರು. ಹೆದರಿ ಬಾಗಿಲು ಹಾಕಿಕೊಳ್ಳಬೇಡಿ, ಹೆದರಿ ಇನ್ನೊಂದು ಸಾಲವನ್ನೂ ಮಾಡಬೇಡಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗಾಗಿ ಫೋನು ಮಾಡಬಾರದು, ಬೆದರಿಸಬಾರದು, ನಿಮ್ಮ ನೆಂಟರ ಮುಂದೆ ಮಾನ ಕಳೆಯಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬ್ಯಾಂಕಿಗೆ ಲಿಖಿತವಾಗಿ ದೂರು ಕೊಟ್ಟು ಮೂವತ್ತು ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಸಣ್ಣ ಸಾಲದವರ ಕಿರುಕುಳಕ್ಕೆ ರಾಜ್ಯದಲ್ಲಿ ಜನ ಪ್ರಾಣ ಕಳೆದುಕೊಂಡ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಮನೆ ಮುಂದೆ ಗಲಾಟೆ ಮಾಡಿದರೆ 112ಕ್ಕೆ ಕರೆ ಮಾಡಿ. ಮೊಬೈಲಿನ ಸಾಲದ ಆ್ಯಪಿನವರು ಫೋಟೊ ತಿದ್ದಿ ಬೆದರಿಸಿದರೆ ಸೈಬರ್ ಸಹಾಯವಾಣಿ 1930.

ಸಾಲದ ಚಿಂತೆಯಲ್ಲಿ ಮನೆಯವರು ಊಟ ಬಿಟ್ಟಿದ್ದಾರೆ, ನಿದ್ದೆ ಮಾಡುತ್ತಿಲ್ಲ, "ನಾನಿಲ್ಲದಿದ್ರೆ ನೀವಾದ್ರೂ ನೆಮ್ಮದಿಯಾಗಿರ್ತೀರ" ಅನ್ನುವಂಥ ಮಾತಾಡುತ್ತಿದ್ದಾರೆ ಎಂದರೆ ಲೆಕ್ಕದ ಪುಸ್ತಕವನ್ನು ಪಕ್ಕಕ್ಕಿಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿಮನಸ್‌ನ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಕರೆಗೆ ಹಣವಿಲ್ಲ.

ಕೊನೆಗೆ ಒಂದು ಕಾಗದದ ಕೆಲಸ, ಸಾಲ ತೀರಿದ ಖುಷಿಯಲ್ಲಿ ಎಲ್ಲರೂ ಮರೆಯುವಂಥದ್ದು. ಒಂದೊಂದು ಸಾಲ ಮುಗಿದಾಗಲೂ ಬ್ಯಾಂಕಿನಿಂದ "ಬಾಕಿ ಇಲ್ಲ" ಎಂಬ ಪತ್ರ ಬರೆಸಿಕೊಳ್ಳಿ. ಕಾರ್ಡನ್ನು ಕತ್ತರಿಸಿದರೆ ಸಾಲದು, ಖಾತೆ ಮುಚ್ಚಲು ಬರೆದುಕೊಡಬೇಕು, ಇಲ್ಲದಿದ್ದರೆ ವರ್ಷದ ಶುಲ್ಕ ಬೆಳೆಯುತ್ತಿರುತ್ತದೆ. ಬಡ್ಡಿಗೆ ಕೊಟ್ಟವರ ಹತ್ತಿರ ಯಜಮಾನರು ಸಹಿ ಹಾಕಿಕೊಟ್ಟ ಖಾಲಿ ಚೆಕ್ಕು, ಪ್ರೋನೋಟು ಇದ್ದೇ ಇರುತ್ತದೆ. "ಎಲ್ಲೋ ಇಟ್ಟಿದೀನಿ, ಆಮೇಲೆ ಕೊಡ್ತೀನಿ" ಎಂದರೆ ಕೊನೆಯ ಕಂತನ್ನು ಕೈಯಲ್ಲೇ ಹಿಡಿದು "ಪರವಾಗಿಲ್ಲ, ಹುಡುಕಿ, ಕೂತಿರ್ತೀವಿ" ಎನ್ನಿ. ಇಬ್ಬರೂ ಜೊತೆಗೆ ಹೋಗಿ.